ಸೈಟ್ ಬಿದ್ದಿದೆಯಾ, ನಮ್ಮ ನೆಟ್ ಹೋಗಿದೆಯಾ?

ಜುಲೈ ತಿಂಗಳು, ವಿರಾಜಪೇಟೆ ಕಡೆಯ ಒಂದು ಹೋಂಸ್ಟೇ ಅಂದುಕೊಳ್ಳಿ. ಬೆಂಗಳೂರಿನಿಂದ ಫೋನ್ ಬರುತ್ತದೆ. "ಮೇಡಂ, ರೂಮ್ ಬುಕ್ ಮಾಡೋಣ ಅಂದ್ರೆ ನಿಮ್ಮ ಸೈಟ್ ಓಪನ್ನೇ ಆಗ್ತಿಲ್ಲ." ಮೇಡಂ ತಮ್ಮ ಮೊಬೈಲಿನಲ್ಲಿ ನೋಡುತ್ತಾರೆ. ಅಲ್ಲೂ ಓಪನ್ ಆಗುವುದಿಲ್ಲ. ಆದರೆ ಬೆಳಿಗ್ಗೆಯಿಂದ ಆ ಮೊಬೈಲಿನಲ್ಲಿ ಯಾವ ಸೈಟೂ ಓಪನ್ ಆಗಿಲ್ಲ. ಎಲ್ಲೋ ಒಂದು ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದಿದೆ. ಕರೆಂಟ್ ಇಲ್ಲ. ಟವರ್ ಬ್ಯಾಟರಿಯ ಮೇಲೆ ಕುಂಟುತ್ತಿದೆ. ಫೋನ್ ಕಾಲ್ ಹೇಗೋ ಬಂತು, ಡೇಟಾ ಬರುತ್ತಿಲ್ಲ. ಈಗ ಸೈಟ್ ನಿಜವಾಗಿಯೂ ಬಿದ್ದಿದೆಯಾ? ಅಥವಾ ಫೋನ್ ಮಾಡಿದವರ ನೆಟ್ಟೇ ಸರಿಯಿಲ್ವಾ? ಮನೆಯಲ್ಲಿ ಕೂತು ಹೇಳುವುದು ಕಷ್ಟ.

ಇದನ್ನು ನೋಡಿಕೊಳ್ಳುವ ಕೆಲಸವನ್ನು ಒಂದು ಸಣ್ಣ ಸ್ಕ್ರಿಪ್ಟಿಗೆ ಒಪ್ಪಿಸಬಹುದು. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರ್ ಏನೇನು ಮಾಡಬೇಕು ಎಂದು ಒಂದರ ಕೆಳಗೊಂದು ಬರೆದಿಟ್ಟ ಫೈಲ್, ಅಷ್ಟೇ. ಐದೈದು ನಿಮಿಷಕ್ಕೊಮ್ಮೆ ಸೈಟನ್ನು ಕೇಳು, ಉತ್ತರ ಬರದಿದ್ದರೆ ನನಗೊಂದು ಮೆಸೇಜ್ ಹಾಕು. ಹತ್ತು ಹದಿನೈದು ಸಾಲಿನ ಕೆಲಸ. ಬರೆಯುವುದರಲ್ಲಿ ಕಷ್ಟವಿಲ್ಲ. ಆದರೆ ಆ ಸಾಲುಗಳು ನಿಜಕ್ಕೂ ಏನನ್ನು ಕೇಳುತ್ತಿವೆ, ಎಲ್ಲಿ ನಿಂತು ಕೇಳುತ್ತಿವೆ ಎನ್ನುವುದನ್ನು ಮೊದಲೇ ಯೋಚಿಸದಿದ್ದರೆ ಸ್ಕ್ರಿಪ್ಟ್ ಸುಳ್ಳು ಹೇಳಲು ಶುರು ಮಾಡುತ್ತದೆ. ಕೊಡಗಿನ ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ಒಂದು ಪುಟ ತೆರೆಯಲು ಏನೇನು ಸರಿಯಿರಬೇಕು

ತೋಟದ ಒಳಗಿರುವ ಮನೆಗೆ ಹೊಸಬರು ಬರುತ್ತಿದ್ದಾರೆ ಅಂದುಕೊಳ್ಳಿ. ಮೊದಲು ಮನೆ ಎಲ್ಲಿದೆ ಎಂದು ಗೊತ್ತಾಗಬೇಕು. ಆಮೇಲೆ ಅಲ್ಲಿಗೆ ಹೋಗುವ ದಾರಿ ಕುಸಿದಿರಬಾರದು. ಗೇಟು ತೆರೆದಿರಬೇಕು. ಬಾಗಿಲು ತೆಗೆದವರು ನಿಜವಾಗಿ ಆ ಮನೆಯವರೇ ಆಗಿರಬೇಕು. ಕೊನೆಗೆ, ಕೇಳಿದ್ದಕ್ಕೆ ಅವರು ಸರಿಯಾದ ಉತ್ತರ ಕೊಡಬೇಕು. ಇದರಲ್ಲಿ ಯಾವುದು ತಪ್ಪಿದರೂ ಬಂದವರು ಹೇಳುವುದು ಒಂದೇ ಮಾತು: "ಮನೆಯಲ್ಲಿ ಯಾರೂ ಇಲ್ಲ."

ವೆಬ್‌ಸೈಟಿನಲ್ಲೂ ಇದೇ ಐದು ಹಂತ. ಸೈಟಿನ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್. ಆ ವಿಳಾಸಕ್ಕೆ ನಮ್ಮ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ಸಣ್ಣ ತುಣುಕುಗಳು, ಹೋಗಿ ವಾಪಸ್ ಬರುವುದು ಇಂಟರ್ನೆಟ್ಟಿನ ದಾರಿ. ಅಲ್ಲಿನ ಯಂತ್ರದಲ್ಲಿ ಗೇಟಿನ ಕೆಲಸ ಮಾಡುವುದು ಪೋರ್ಟ್. ಸುರಕ್ಷಿತ ಸೈಟುಗಳಿಗೆ ಅದು 443, ಹಳೆಯ ಬಗೆಯವಕ್ಕೆ 80. ಆಮೇಲೆ ಸರ್ಟಿಫಿಕೇಟ್ ಪರೀಕ್ಷೆ, ಅಂದರೆ ಉತ್ತರಿಸುತ್ತಿರುವುದು ನಿಜವಾಗಿ ಆ ಸೈಟೇ ಎಂದು ಹೇಳುವ ಗುರುತುಪತ್ರ ನೋಡುವುದು. ಕೊನೆಯಲ್ಲಿ ಸೈಟ್ ನಡೆಸುವ ಸಾಫ್ಟ್‌ವೇರ್ ನಮ್ಮ ಕೋರಿಕೆಗೆ ಉತ್ತರ ಕಳಿಸುತ್ತದೆ.

"ಸೈಟ್ ಡೌನ್" ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ಈ ಐದರಲ್ಲಿ ಯಾವುದೂ ಇರಬಹುದು. ರಿಪೇರಿ ಮಾಡುವವರು ಬೇರೆ ಬೇರೆ ಜನ. ಡಿಎನ್‌ಎಸ್ ಕೈಕೊಟ್ಟರೆ ಡೊಮೈನ್ (ಸೈಟಿನ ಹೆಸರು) ಕೊಟ್ಟವರನ್ನು ಕೇಳಬೇಕು, ಸರ್ವರ್, ಅಂದರೆ ಸೈಟ್ ಇರುವ ಯಂತ್ರ, ನಿಂತರೆ ಅದನ್ನು ಬಾಡಿಗೆಗೆ ಕೊಟ್ಟ ಹೋಸ್ಟಿಂಗಿನವರನ್ನು, ಪುಟ ಕೆಟ್ಟರೆ ಸೈಟ್ ಮಾಡಿಕೊಟ್ಟವರನ್ನು. ಹಾಗಾಗಿ ಒಳ್ಳೆಯ ಸ್ಕ್ರಿಪ್ಟ್ "ಇಲ್ಲ" ಎಂದಷ್ಟೇ ಹೇಳಿ ಸುಮ್ಮನಾಗಬಾರದು. ಎಲ್ಲಿ ನಿಂತಿತು ಎಂದೂ ಹೇಳಬೇಕು.

ಪಿಂಗ್ ಎಷ್ಟು ಹೇಳುತ್ತದೆ

ಇಂಥ ಕೆಲಸಕ್ಕೆ ಎಲ್ಲರಿಗೂ ಮೊದಲು ನೆನಪಾಗುವುದು ಪಿಂಗ್. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಒಂದು ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಇದನ್ನು ಬರೆದರು. ಜಲಾಂತರ್ಗಾಮಿಗಳ ಸೋನಾರ್ ನೀರಿನಲ್ಲಿ ಶಬ್ದ ಕಳಿಸಿ ಅದರ ಪ್ರತಿಧ್ವನಿ ಕೇಳುತ್ತದಲ್ವಾ, ಆ ಸದ್ದಿನಿಂದಲೇ ಈ ಹೆಸರು ಬಂತು. ಕೆಲಸವೂ ಹಾಗೆಯೇ. ದೂರದ ಯಂತ್ರಕ್ಕೆ ಒಂದು ಪುಟ್ಟ ಪ್ಯಾಕೆಟ್ ಕಳಿಸುತ್ತದೆ, ಅದು ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುತ್ತದೆ. ಸರ್ವರ್ ದೇಶದೊಳಗೇ ಇದ್ದರೆ ಸಾಮಾನ್ಯವಾಗಿ ಕೆಲವು ಹತ್ತು ಮಿಲಿಸೆಕೆಂಡ್. ಅಮೆರಿಕದಲ್ಲಿದ್ದರೆ 200 ಮಿಲಿಸೆಕೆಂಡ್ ದಾಟುವುದು ಮಾಮೂಲು.

ಪಿಂಗ್ ಚೆನ್ನಾಗಿದೆ, ಹಗುರ, ಎಲ್ಲಾ ಕಂಪ್ಯೂಟರಿನಲ್ಲೂ ಸಿಗುತ್ತದೆ. ಆದರೆ ಸೈಟ್ ಇದೆಯೋ ಇಲ್ಲವೋ ಎಂದು ತಿಳಿಯಲು ಅದನ್ನೊಂದನ್ನೇ ನಂಬುವಂತಿಲ್ಲ. ಎರಡು ಕಡೆಯಿಂದಲೂ ಅದು ದಾರಿ ತಪ್ಪಿಸುತ್ತದೆ.

ಒಂದು, ಪಿಂಗ್‌ಗೆ ಉತ್ತರ ಬಾರದಿದ್ದರೂ ಸೈಟ್ ಆರಾಮಾಗಿ ಓಡುತ್ತಿರಬಹುದು. ಬಹಳಷ್ಟು ಸರ್ವರ್‌ಗಳ ಫೈರ್‌ವಾಲ್, ಅಂದರೆ ಬೇಡದ್ದನ್ನು ತಡೆಯುವ ಕಾವಲು, ಪಿಂಗ್ ಪ್ಯಾಕೆಟ್‌ಗಳನ್ನು ಬೇಕೆಂದೇ ಬಿಸಾಡುತ್ತದೆ. ಇನ್ನೊಂದು, ಪಿಂಗ್‌ಗೆ ಚಕ್ಕನೆ ಉತ್ತರ ಬಂದರೂ ಸೈಟ್ ಸತ್ತಿರಬಹುದು. ಪಿಂಗ್‌ಗೆ ಉತ್ತರ ಕೊಡುವುದು ಆ ಯಂತ್ರದ ಆಪರೇಟಿಂಗ್ ಸಿಸ್ಟಂ. ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್ ನಿಂತುಹೋದರೂ ಅದಕ್ಕೆ ಏನೂ ಆಗಿರುವುದಿಲ್ಲ. ಬಂದ ಕೋರಿಕೆಗಳನ್ನು ಮೊದಲು ತಾನೇ ಎದುರುಗೊಳ್ಳುವ ಕ್ಲೌಡ್‌ಫ್ಲೇರ್ ತರಹದ ಸೇವೆ ಸೈಟಿನ ಮುಂದೆ ಇದ್ದರಂತೂ ಮುಗಿದೇ ಹೋಯಿತು. ನೀವು ಪಿಂಗ್ ಮಾಡುವುದು ಕ್ಲೌಡ್‌ಫ್ಲೇರಿನ ಯಂತ್ರವನ್ನು. ಹಿಂದಿರುವ ನಿಮ್ಮ ಸರ್ವರಿಗೆ ಬೆಂಕಿ ಬಿದ್ದರೂ ಪಿಂಗ್ ನಗುನಗುತ್ತಾ ಉತ್ತರ ಕೊಡುತ್ತಿರುತ್ತದೆ.

ಮೇಲ್ ಸರ್ವರ್, ಡೇಟಾಬೇಸ್ ಇಂಥ ಪುಟವಿಲ್ಲದ ಸೇವೆಗಳಿಗೆ ಪಿಂಗ್‌ಗಿಂತ ಪೋರ್ಟ್ ಪರೀಕ್ಷೆ ವಾಸಿ. ಮೇಲಿಗೆ 25, ದೂರದಿಂದ ಸರ್ವರಿಗೆ ಲಾಗಿನ್ ಆಗಲು 22, ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ 3306, ಹೀಗೆ ಯಾವ ಪೋರ್ಟ್ ಬೇಕೋ ಅದಕ್ಕೆ ಸಂಪರ್ಕ ಆಗುತ್ತದೆಯೇ ಎಂದು ನೋಡುವುದು. ಲಿನಕ್ಸಿನಲ್ಲಿ ನೆಟ್‌ಕ್ಯಾಟ್, ವಿಂಡೋಸಿನ ಪವರ್‌ಶೆಲ್ಲಿನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಆದೇಶ ಈ ಕೆಲಸ ಮಾಡುತ್ತವೆ. ಗೇಟು ತೆರೆದಿದೆ ಎಂದಷ್ಟೇ ಇದು ಹೇಳುವುದು. ಒಳಗೇನಾಗುತ್ತಿದೆ ಎಂದಲ್ಲ.

ಪುಟವನ್ನೇ ತರಿಸಿ ನೋಡುವುದು

ವೆಬ್‌ಸೈಟಿಗೆ ಸರಿಯಾದ ಪರೀಕ್ಷೆ ಒಂದೇ. ಗಿರಾಕಿ ಹೇಗೆ ಪುಟ ತೆರೆಯುತ್ತಾರೋ ಹಾಗೆಯೇ ಸ್ಕ್ರಿಪ್ಟೂ ತೆರೆದು ನೋಡಬೇಕು. ಇದಕ್ಕೆ ಎಲ್ಲರೂ ಬಳಸುವ ಸಾಧನ ಕರ್ಲ್. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಈ ಹೆಸರಿನಲ್ಲಿ ಹೊರತಂದದ್ದು. ಈಗ ವಿಂಡೋಸಿನಲ್ಲೂ ಜೊತೆಗೇ ಬರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುವವರು ಅದರಲ್ಲೇ ಮಾಡಬಹುದು, ತತ್ವ ಒಂದೇ.

ಕರ್ಲ್ ಎರಡು ಬಗೆಯ ಸುದ್ದಿ ತರುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಅದರ ಸ್ವಂತ ವರದಿ, ಅಂದರೆ ನಿರ್ಗಮನ ಸಂಖ್ಯೆ. ಕೆಲಸ ಮುಗಿಸಿ ಹೊರಬರುವಾಗ ಪ್ರತಿ ಪ್ರೋಗ್ರಾಮೂ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ. 0 ಅಂದರೆ ಎಲ್ಲ ಸರಿ. 6 ಅಂದರೆ ಸೈಟಿನ ಹೆಸರಿಗೆ ವಿಳಾಸವೇ ಸಿಗಲಿಲ್ಲ. 7 ಅಂದರೆ ವಿಳಾಸ ಸಿಕ್ಕಿತು, ಸಂಪರ್ಕ ಆಗಲಿಲ್ಲ. 28 ಅಂದರೆ ಕಾದು ಕಾದು ಗಡುವು ಮುಗಿಯಿತು. 60 ಅಂದರೆ ಸರ್ಟಿಫಿಕೇಟ್ ನಂಬುವಂತಿಲ್ಲ. ನೋಡಿ, ಮೇಲೆ ಹೇಳಿದ ಹಂತಗಳಲ್ಲಿ ಎಲ್ಲಿ ನಿಂತಿತು ಎಂದು ಈ ಸಂಖ್ಯೆಯೇ ಹೇಳಿಬಿಡುತ್ತದೆ.

ಎರಡನೆಯದು ಸೈಟ್ ಕಳಿಸುವ ಸ್ಥಿತಿ ಸಂಖ್ಯೆ. 200 ಬಂದರೆ ಪುಟ ಸಿಕ್ಕಿದೆ. 301, 302 ಬಂದರೆ "ಇಲ್ಲಲ್ಲ, ಆ ಕಡೆ ಹೋಗು" ಎಂದರ್ಥ. 404 ಅಂದರೆ ಅಂಥ ಪುಟವಿಲ್ಲ. 5ರಿಂದ ಶುರುವಾದರೆ ತೊಂದರೆ ಸರ್ವರಿನ ಕಡೆಯದು. 500 ಅಂದರೆ ಒಳಗೆ ಏನೋ ಮುರಿದಿದೆ, 502 ಮತ್ತು 504 ಅಂದರೆ ಎದುರಿಗಿರುವ ಸರ್ವರ್ ಇದೆ, ಅದರ ಹಿಂದಿರುವುದು ಸರಿಯಾದ ಉತ್ತರ ಕೊಡುತ್ತಿಲ್ಲ, 503 ಅಂದರೆ ಸದ್ಯಕ್ಕೆ ಆಗುವುದಿಲ್ಲ. ಹೋಂಸ್ಟೇಗಳಿಗೆ ಉದ್ದನೆಯ ರಜೆ ಬಂದಾಗ, ಎಲ್ಲರೂ ಒಟ್ಟಿಗೆ ನುಗ್ಗಿದಾಗ ಈ 503 ಕಾಣಿಸಿಕೊಳ್ಳುತ್ತದೆ.

ಇಲ್ಲೊಂದು ದೊಡ್ಡ ಗುಂಡಿ ಇದೆ, ಹೊಸಬರು ಬೀಳುವುದು ಇಲ್ಲೇ. ಸೈಟ್ 500 ಎಂದು ಉತ್ತರಿಸಿದರೂ ಕರ್ಲಿನ ಸ್ವಂತ ವರದಿ 0 ಎಂದೇ ಇರುತ್ತದೆ. ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ. ಕೇಳಿದೆ, ಉತ್ತರ ಬಂತು, ತಂದುಕೊಟ್ಟೆ. ಉತ್ತರ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಅದರ ತಲೆನೋವಲ್ಲ. 'ಫೇಲ್' ಎಂಬ ಆಯ್ಕೆ ಕೊಟ್ಟರೆ ಮಾತ್ರ 400 ಮತ್ತು ಮೇಲಿನ ಸಂಖ್ಯೆಗಳನ್ನು ಸೋಲು ಎಂದು ಎಣಿಸಿ 22 ಎಂದು ವರದಿ ಮಾಡುತ್ತದೆ. ಆ ಒಂದು ಆಯ್ಕೆ ಬಿಟ್ಟುಹೋದ ಸ್ಕ್ರಿಪ್ಟ್ ವರ್ಷಗಟ್ಟಲೆ "ಸರಿ, ಸರಿ" ಎನ್ನುತ್ತಾ ಇರುತ್ತದೆ. ಅದಕ್ಕಿಂತ ಸ್ಥಿತಿ ಸಂಖ್ಯೆಯನ್ನು ನಾವೇ ತೆಗೆದುಕೊಂಡು ನೋಡುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಗಡುವೂ ಅಷ್ಟೇ ಮುಖ್ಯ. ಸರ್ವರ್ ಉತ್ತರವನ್ನೂ ಕೊಡದೆ, ಇಲ್ಲ ಎಂದೂ ಹೇಳದೆ ಸುಮ್ಮನೆ ಕೂತುಬಿಡುವುದು ಉಂಟು. ಕರ್ಲ್ ತಾನಾಗಿ ಸಂಪರ್ಕಕ್ಕಾಗಿ 5 ನಿಮಿಷದವರೆಗೆ ಕಾಯುತ್ತದೆ. ಸಂಪರ್ಕವಾದ ಮೇಲೆ ಒಟ್ಟು ಸಮಯಕ್ಕೆ ಮಿತಿಯೇ ಇಲ್ಲ. ಪೈಥಾನಿನಲ್ಲಿ ಜನಪ್ರಿಯವಾದ ರಿಕ್ವೆಸ್ಟ್ಸ್ ಲೈಬ್ರರಿಯೂ ನಾವು ಹೇಳದಿದ್ದರೆ ಗಡುವು ಇಟ್ಟುಕೊಳ್ಳುವುದಿಲ್ಲ. ಐದು ನಿಮಿಷಕ್ಕೊಮ್ಮೆ ಓಡಬೇಕಾದ ಸ್ಕ್ರಿಪ್ಟ್ ಒಂದೇ ಉತ್ತರಕ್ಕೆ ಅರ್ಧ ಗಂಟೆ ಕಾದು ಕೂತರೆ ಪ್ರಯೋಜನವೇನು? 10 ಅಥವಾ 15 ಸೆಕೆಂಡ್ ಸಾಕು. ಗಿರಾಕಿ ಅಷ್ಟು ಹೊತ್ತೂ ಕಾಯುವುದಿಲ್ಲ.

200 ಬಂದರೂ ನಂಬಬೇಡಿ

ಸ್ಥಿತಿ ಸಂಖ್ಯೆ ಸರಿಯಿದ್ದು ಪುಟ ತಪ್ಪಿರುವ ಸಂದರ್ಭಗಳು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಹೋಸ್ಟಿಂಗ್ ಬಾಕಿ ಕಟ್ಟದಿದ್ದರೆ "ಈ ಖಾತೆಯನ್ನು ತಡೆಹಿಡಿಯಲಾಗಿದೆ" ಎಂಬ ಪುಟ 200ರ ಜೊತೆಗೇ ಬರಬಹುದು. ಡೊಮೈನ್ ಅವಧಿ ಮುಗಿದರೆ ಅದೇ ಹೆಸರಿನಲ್ಲಿ ಜಾಹೀರಾತುಗಳ ಪುಟ ಬರುತ್ತದೆ, ಅದೂ 200. ಪುಟದ ತಲೆ, ಫೋಟೋ ಎಲ್ಲ ಬಂದು ರೂಮುಗಳ ಪಟ್ಟಿ ಮಾತ್ರ ಖಾಲಿ ಇರುವುದೂ ಉಂಟು.

ಇದಕ್ಕೆ ಮದ್ದು ಸುಲಭ. ಬಂದ ಪುಟದೊಳಗೆ ಒಂದು ಗುರುತಿನ ಪದ ಇದೆಯೇ ಎಂದು ಹುಡುಕಿಸಬೇಕು. ಹೋಂಸ್ಟೇಯ ಹೆಸರನ್ನು ಹುಡುಕಬೇಡಿ. ಅದು ಪುಟ ಅರ್ಧ ಕೆಟ್ಟಿದ್ದರೂ ತಲೆಯಲ್ಲಿ ಇದ್ದೇ ಇರುತ್ತದೆ. ಡೇಟಾಬೇಸಿನಿಂದಲೇ ಬರಬೇಕಾದದ್ದನ್ನು ಹುಡುಕಿ. ರೂಮಿನ ದರ ಇರುವ ಸಾಲು, ಇಂಥದ್ದು.

ಕನ್ನಡ ಪುಟಗಳಲ್ಲಿ ಇನ್ನೊಂದು ತಮಾಷೆ ಇದೆ. ಸ್ಕ್ರೀನಿನ ಮೇಲೆ ಒಂದೇ ಥರ ಕಾಣುವ ಎರಡು ಪದಗಳು ಕಂಪ್ಯೂಟರಿಗೆ ಬೇರೆ ಬೇರೆ ಆಗಿರಬಹುದು. 'ವೆಬ್‌ಸೈಟ್' ಎಂದು ಬರೆಯುವಾಗ ಬ್ ಮತ್ತು ಸೈ ಕೂಡಿಕೊಳ್ಳದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಸಂಕೇತ ಹಾಕುತ್ತೇವೆ. ಕೆಲವು ಕೀಬೋರ್ಡುಗಳು ಅದನ್ನು ಪದದ ಕೊನೆಯಲ್ಲೂ ತುರುಕುತ್ತವೆ. ಪುಟದಲ್ಲಿ ಅದಿದ್ದು ಸ್ಕ್ರಿಪ್ಟಿನಲ್ಲಿ ಇಲ್ಲದಿದ್ದರೆ ಪದ ಸಿಗುವುದೇ ಇಲ್ಲ, ನಡುರಾತ್ರಿ ಸುಮ್ನೆ ಎಚ್ಚರಿಕೆ ಬರುತ್ತದೆ. ಪುಟದ ಸೋರ್ಸಿನಿಂದಲೇ ಕಾಪಿ ಮಾಡಿಕೊಂಡರೆ ಈ ರಗಳೆ ಇಲ್ಲ.

ಇದಕ್ಕೆ ತಿರುಗಾ ಮುರುಗಾ ಆಗುವುದೂ ಇದೆ. ಜನರಿಗೆ ಪುಟ ಚೆನ್ನಾಗಿ ತೆರೆಯುತ್ತದೆ, ಸ್ಕ್ರಿಪ್ಟಿಗೆ ಮಾತ್ರ 403 ಬರುತ್ತದೆ. ಸೈಟಿನ ಫೈರ್‌ವಾಲ್ ಇದು ಮನುಷ್ಯರಲ್ಲ ಎಂದು ಗುರುತಿಸಿ ಹೊರಗೆ ಹಾಕಿದೆ. ಸ್ವಂತ ಸೈಟಾದರೆ ನಿಮ್ಮ ಸ್ಕ್ರಿಪ್ಟಿಗೆ ಅಲ್ಲಿ ಅನುಮತಿ ಕೊಡಿಸಿ.

ಸ್ಕ್ರಿಪ್ಟ್ ಹೀಗಿರುತ್ತದೆ

ಯಾವ ಭಾಷೆಯಲ್ಲಿ ಬರೆದರೂ ಒಳಗಿನ ಲೆಕ್ಕಾಚಾರ ಒಂದೇ. ಕನ್ನಡದಲ್ಲೇ ಬರೆದರೆ ಇಷ್ಟು:

ಪುಟ = ರೂಮ್ ಬುಕಿಂಗ್ ಪುಟದ ವಿಳಾಸ
ಗುರುತು = ಪುಟದಲ್ಲಿ ಇರಲೇಬೇಕಾದ ಪದ
ಸೋಲು = ಹಿಂದಿನ ಸಲ ಫೈಲಿನಲ್ಲಿ ಬರೆದಿಟ್ಟ ಸಂಖ್ಯೆ

ಪುಟವನ್ನು ತರಿಸು, ಗಡುವು 15 ಸೆಕೆಂಡ್
ಸ್ಥಿತಿ 200 ಆಗಿದ್ದು ಗುರುತೂ ಸಿಕ್ಕಿದರೆ:
— ಸೋಲು 3 ಅಥವಾ ಹೆಚ್ಚು ಇದ್ದರೆ "ಸೈಟ್ ವಾಪಸ್ ಬಂತು" ಎಂದು ಕಳಿಸು
— ಸೋಲು = 0
ಇಲ್ಲದಿದ್ದರೆ:
— ಹೊರಗಿನ ಎರಡು ದೊಡ್ಡ ಸೈಟುಗಳನ್ನು ಕೇಳಿ ನೋಡು
— ಎರಡೂ ಉತ್ತರಿಸದಿದ್ದರೆ "ನಮ್ಮ ನೆಟ್ ಇಲ್ಲ" ಎಂದು ದಾಖಲೆಯಲ್ಲಿ ಬರೆದು ಇಲ್ಲಿಗೇ ನಿಲ್ಲು
— ಸೋಲು = ಸೋಲು + 1
— ಸೋಲು ಸರಿಯಾಗಿ 3 ಆದರೆ "ಸೈಟ್ ಬಿದ್ದಿದೆ" ಎಂದು ಕಳಿಸು
ಸೋಲಿನ ಸಂಖ್ಯೆಯನ್ನು ಫೈಲಿನಲ್ಲಿ ಬರೆದಿಡು

ಒಂದೆರಡು ಸಾಲು ವಿವರಿಸಬೇಕು. ಮೂರು ಸಲ ಸೋತ ಮೇಲೆ ಯಾಕೆ ಹೇಳಬೇಕು? ಇಂಟರ್ನೆಟ್ಟಿನಲ್ಲಿ ಒಂದು ಪ್ಯಾಕೆಟ್ ಕಳೆದುಹೋಗುವುದು, ಸರ್ವರ್ ಅರ್ಧ ನಿಮಿಷ ತಡವರಿಸುವುದು ದಿನಾ ಇದ್ದದ್ದೇ. ಪ್ರತಿ ಸಲ ಮೆಸೇಜ್ ಬಂದರೆ ಎರಡು ವಾರದಲ್ಲಿ ನೀವು ಅದನ್ನು ಮ್ಯೂಟ್ ಮಾಡುತ್ತೀರಿ. ಆಮೇಲೆ ನಿಜವಾಗಿ ಬಿದ್ದ ದಿನ ನೋಡುವವರಿಲ್ಲ. ಐದು ನಿಮಿಷಕ್ಕೊಮ್ಮೆ ನೋಡಿ ಮೂರು ಸೋಲಿಗೆ ಕಾದರೆ, ಸೈಟ್ ಬಿದ್ದ 10ರಿಂದ 15 ನಿಮಿಷದೊಳಗೆ ಗೊತ್ತಾಗುತ್ತದೆ. ಹೋಂಸ್ಟೇಗೆ ಇದು ಸಾಕು. ಬ್ಯಾಂಕಿಗೆ ಸಾಲದು.

"ಸರಿಯಾಗಿ 3 ಆದರೆ" ಎಂದು ಬರೆದದ್ದೂ ಬೇಕೆಂದೇ. 3ಕ್ಕಿಂತ ಜಾಸ್ತಿಯಾದಾಗಲೆಲ್ಲ ಕಳಿಸು ಎಂದಿದ್ದರೆ ರಾತ್ರಿಯಿಡೀ ಐದು ನಿಮಿಷಕ್ಕೊಂದು ಮೆಸೇಜ್. ಬಿದ್ದಾಗ ಒಂದು, ಎದ್ದಾಗ ಒಂದು, ಅಷ್ಟು ಸಾಕು.

ಇದನ್ನು ಸಮಯಕ್ಕೆ ಸರಿಯಾಗಿ ಓಡಿಸುವುದು ಲಿನಕ್ಸಿನಲ್ಲಿ ಕ್ರಾನ್, ವಿಂಡೋಸಿನಲ್ಲಿ ಟಾಸ್ಕ್ ಶೆಡ್ಯೂಲರ್. ಕ್ರಾನ್ ಬಳಸುವವರಿಗೆ ಒಂದು ಮಾತು. ನೀವು ಟೈಪ್ ಮಾಡಿ ಓಡಿಸಿದಾಗ ಸರಿಯಿದ್ದ ಸ್ಕ್ರಿಪ್ಟ್ ಕ್ರಾನಿನಲ್ಲಿ ಓಡದೆ ಇರಬಹುದು. ಕ್ರಾನಿಗೆ ನಿಮ್ಮ ಸೆಟ್ಟಿಂಗ್‌ಗಳೆಲ್ಲ ಗೊತ್ತಿರುವುದಿಲ್ಲ. ಪ್ರೋಗ್ರಾಮುಗಳ ಮತ್ತು ಫೈಲುಗಳ ಪೂರ್ತಿ ದಾರಿಯನ್ನು ಬರೆದುಬಿಡಿ.

ಕೇಳುವವರೇ ಇಲ್ಲದಾಗ

ಮೇಲಿನ ಸ್ಕ್ರಿಪ್ಟಿನಲ್ಲಿ ಹೊರಗಿನ ಎರಡು ಸೈಟುಗಳನ್ನು ಕೇಳುವ ಸಾಲು ಇದೆಯಲ್ಲ, ಬೆಂಗಳೂರಿನಲ್ಲಿ ಕೂತವರು ಅದನ್ನು ಬರೆಯದೇ ಹೋಗಬಹುದು. ಸೋಮವಾರಪೇಟೆಯಲ್ಲೋ ಭಾಗಮಂಡಲದಲ್ಲೋ ಕೂತವರು ಬಿಡುವಂತಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರದ ಸರ್ವರ್ ಬೀಳುವುದಕ್ಕಿಂತ ನಮ್ಮ ಮನೆಯ ನೆಟ್ ಹೋಗುವ ಸಾಧ್ಯತೆಯೇ ಜಾಸ್ತಿ.

ಮನೆಯ ಕಂಪ್ಯೂಟರಿನಲ್ಲಿ, ಆ ಸಾಲು ಇಲ್ಲದೆ ಓಡಿಸಿದ ಸ್ಕ್ರಿಪ್ಟಿನ ಒಂದು ಮಳೆರಾತ್ರಿಯ ದಾಖಲೆ ಹೀಗಿರುತ್ತದೆ ಅಂದುಕೊಳ್ಳಿ:

01:40 ಸರಿ, 200, 0.9 ಸೆಕೆಂಡ್
01:45 ಸರಿ, 200, 6.8 ಸೆಕೆಂಡ್
01:50 ಇಲ್ಲ, ಕೋಡ್ 28
01:55 ಇಲ್ಲ, ಕೋಡ್ 6
02:00 ಇಲ್ಲ, ಕೋಡ್ 6
04:25 ಸರಿ, 200, 1.1 ಸೆಕೆಂಡ್

ಸುಮ್ನೆ ಓದಿದರೆ ಸೈಟ್ ಎರಡೂವರೆ ಗಂಟೆ ಬಿದ್ದಿತ್ತು ಅನಿಸುತ್ತದೆ. ಸ್ವಲ್ಪ ನಿಧಾನವಾಗಿ ಓದಿ. 01:45ಕ್ಕೆ ಉತ್ತರ ಬಂದಿದೆ, ಆದರೆ ಮಾಮೂಲಿಗಿಂತ ಏಳು ಪಟ್ಟು ತಡವಾಗಿ. ಸಂಪರ್ಕ ಹದಗೆಡುತ್ತಿದೆ. 01:50ಕ್ಕೆ ಗಡುವು ಮುಗಿಯಿತು. 01:55ಕ್ಕೆ ಕೋಡ್ 6, ಅಂದರೆ ಹೆಸರಿಗೆ ವಿಳಾಸವೇ ಸಿಗಲಿಲ್ಲ. ಚೆನ್ನಾಗಿದ್ದ ಡಿಎನ್‌ಎಸ್ ಇದ್ದಕ್ಕಿದ್ದಂತೆ ಕಾಣೆಯಾದರೆ ಮೊದಲ ಅನುಮಾನ ನಮ್ಮದೇ ಲೈನಿನ ಮೇಲೆ ಬರಬೇಕು. ವಿಳಾಸ ಕೇಳಲು ಕೂಡ ಹೊರಗೆ ಹೋಗಲು ಆಗುತ್ತಿಲ್ಲ ಎಂದರ್ಥ. ಇನ್ನು 02:00ರಿಂದ 04:25ರವರೆಗೆ ದಾಖಲೆಯೇ ಇಲ್ಲ. ಸೋಲೂ ಇಲ್ಲ, ಗೆಲುವೂ ಇಲ್ಲ. ಸೈಟ್ ಬಿದ್ದಿದ್ದರೆ ಐದೈದು ನಿಮಿಷಕ್ಕೆ "ಇಲ್ಲ" ಎಂಬ ಸಾಲಾದರೂ ಇರಬೇಕಿತ್ತು. ಸಾಲೇ ಇಲ್ಲ ಅಂದರೆ ಯುಪಿಎಸ್ ಮುಗಿದು ಕೇಳುವ ಕಂಪ್ಯೂಟರೇ ಆಫ್ ಆಗಿತ್ತು. ಸೈಟ್ ಅಷ್ಟೂ ಹೊತ್ತು ಮುಂಬೈಯ ಯಾವುದೋ ಡೇಟಾ ಸೆಂಟರಿನಲ್ಲಿ ಆರಾಮಾಗಿ ಓಡುತ್ತಾ ಇದ್ದಿರಬಹುದು.

ನಮ್ಮ ನೆಟ್ ಇದೆಯಾ ಎಂದು ಮೊದಲು ನೋಡಿಕೊಳ್ಳುವ ಈ ಉಪಾಯ ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನ್ ವೈಫೈಗೆ ಸೇರಿದ ಕೂಡಲೇ ಗೂಗಲ್ಲಿನ ಒಂದು ವಿಳಾಸಕ್ಕೆ ಕೋರಿಕೆ ಕಳಿಸುತ್ತದೆ. ಅಲ್ಲಿಂದ 204 ಎಂಬ ಸಂಖ್ಯೆ, ಏನೂ ಬರಹವಿಲ್ಲದ ಖಾಲಿ ಉತ್ತರ ಬರಬೇಕು. ಬಂದರೆ ನೆಟ್ ಇದೆ. ಅದರ ಬದಲು ಬೇರೆ ಪುಟ ಬಂದರೆ ಹೋಟೆಲ್ಲಿನದೋ ವಿಮಾನ ನಿಲ್ದಾಣದ್ದೋ ಲಾಗಿನ್ ಪುಟ ನಡುವೆ ನಿಂತಿದೆ ಎಂದು ಗೊತ್ತಾಗುತ್ತದೆ. ನಿಮ್ಮ ಸ್ಕ್ರಿಪ್ಟಿನಲ್ಲಿ ಕೇಳುವ ಎರಡು ಸೈಟುಗಳು ಬೇರೆ ಬೇರೆ ಕಂಪನಿಗಳದ್ದಾಗಿರಲಿ. ಒಂದೇ ಆದರೆ ಅದೇ ಬಿದ್ದ ದಿನ ಮೋಸ ಹೋಗುತ್ತೀರಿ. ದೊಡ್ಡವರೂ ಬೀಳುತ್ತಾರೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಇರಲಿಲ್ಲ. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಅವರ ಡೇಟಾ ಸೆಂಟರುಗಳ ನಡುವಿನ ಜಾಲ ಕಡಿಯಿತು, ಅದರ ಹಿಂದೆಯೇ ಅವರ ಡಿಎನ್‌ಎಸ್ ಸರ್ವರುಗಳ ದಾರಿ ಇಂಟರ್ನೆಟ್ಟಿನಿಂದ ಮಾಯವಾಯಿತು. ತೊಂದರೆ ಹುಡುಕಲು ಇಟ್ಟುಕೊಂಡಿದ್ದ ಒಳಗಿನ ಸಾಧನಗಳೂ ಅದೇ ಡಿಎನ್‌ಎಸ್ ನಂಬಿಕೊಂಡಿದ್ದರಿಂದ ಬಹಳಷ್ಟು ಕೈಕೊಟ್ಟವು.

ಇನ್ನೂ ಒಳ್ಳೆಯದೆಂದರೆ ಸ್ಕ್ರಿಪ್ಟನ್ನು ಮನೆಯಲ್ಲಿ ಇಡದೇ ಇರುವುದು. ತಿಂಗಳಿಗೆ ಕೆಲವು ನೂರು ರೂಪಾಯಿಗೆ ಸಿಗುವ ಬಾಡಿಗೆ ಸರ್ವರಿನಲ್ಲಿ ಇಡಬಹುದು. ಸೈಟ್ ಇರುವ ಸರ್ವರಿನಲ್ಲೇ ಮಾತ್ರ ಇಡಬೇಡಿ. ಅದು ಬಿದ್ದಾಗ ಸ್ಕ್ರಿಪ್ಟೂ ಬೀಳುತ್ತದೆ, ಹೇಳುವವರಿಲ್ಲ. ಸ್ವಂತ ಬರೆಯುವ ಉಸಾಬರಿ ಬೇಡ ಅನ್ನುವವರಿಗೆ ಅಪ್‌ಟೈಮ್ ಕುಮಾ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಇದೇ ಕೆಲಸವನ್ನು ಬಣ್ಣಬಣ್ಣದ ಪರದೆಯೊಂದಿಗೆ ಮಾಡಿಕೊಡುತ್ತದೆ. ಆದರೆ ಅದನ್ನೂ ಎಲ್ಲಿ ಓಡಿಸುತ್ತೀರಿ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹೊರಗಿಟ್ಟರೂ ಒಂದೇ ಜಾಗದಿಂದ ನೋಡಿದ್ದು ಪೂರ್ತಿ ಚಿತ್ರವಲ್ಲ. ಒಂದು ಸೈಟಿಗೆ ಹಳೆಯ ಬಗೆಯ ಐಪಿ ವಿಳಾಸವೂ ಹೊಸ ಬಗೆಯ ಐಪಿವಿ6 ವಿಳಾಸವೂ ಇರಬಹುದು. ನಮ್ಮ ಮೊಬೈಲ್ ನೆಟ್‌ವರ್ಕುಗಳಲ್ಲಿ ಐಪಿವಿ6 ಬಳಕೆ ಜಾಸ್ತಿ. ಸರ್ವರಿನಲ್ಲಿ ಅದೊಂದೇ ಕೆಟ್ಟಿದ್ದರೆ ಮೊಬೈಲಿನವರಿಗೆ ಪುಟ ಎಳೆಯುತ್ತದೆ ಅಥವಾ ತೆರೆಯುವುದೇ ಇಲ್ಲ, ಆಫೀಸಿನ ಲೈನಿನವರಿಗೆ ಏನೂ ಗೊತ್ತಾಗುವುದಿಲ್ಲ. ಕರ್ಲಿಗೆ 4 ಅಥವಾ 6 ಎಂಬ ಆಯ್ಕೆ ಕೊಟ್ಟು ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬಹುದು. "ನಮಗೆ ಓಪನ್ ಆಗ್ತಿದೆಯಲ್ಲ" ಎಂದು ಗಿರಾಕಿಗೆ ಹೇಳುವ ಮೊದಲು ಇದನ್ನೊಮ್ಮೆ ನೋಡಿ.

ಎಚ್ಚರಿಕೆ ಬರದಿದ್ದರೆ?

ಮೆಸೇಜ್ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನೂ ಯೋಚಿಸಬೇಕು. ಸೈಟ್ ಮತ್ತು ಇಮೇಲ್ ಒಂದೇ ಹೋಸ್ಟಿಂಗಿನಲ್ಲಿದ್ದರೆ, ಸೈಟ್ ಬಿದ್ದ ಸುದ್ದಿ ಅದೇ ಬಿದ್ದ ಸರ್ವರಿನ ಇನ್‌ಬಾಕ್ಸಿಗೆ ಹೋಗುತ್ತದೆ. ತಾನಾಗಿ ಮೆಸೇಜ್ ಕಳಿಸುವ ಟೆಲಿಗ್ರಾಂ ಬಾಟ್ ಮಾಡಿಕೊಳ್ಳುವುದು ಸುಲಭ, ಖರ್ಚೂ ಇಲ್ಲ. ಆದರೆ ತೋಟದಲ್ಲಿ ಡೇಟಾ ಇಲ್ಲದಾಗ ಅದೂ ಬರುವುದಿಲ್ಲ. ಹಾಗಾಗಿ ಮಡಿಕೇರಿಯಲ್ಲೋ ಮೈಸೂರಿನಲ್ಲೋ ಇರುವ ಇನ್ನೊಬ್ಬರಿಗೂ ಹೋಗುವಂತೆ ಮಾಡಿ. ಮೆಸೇಜಿನಲ್ಲಿ ಬರೀ "ಡೌನ್" ಎಂದಿದ್ದರೆ ಅವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಯಾವ ಪುಟ, ಎಷ್ಟು ಗಂಟೆಯಿಂದ, ಯಾವ ಕೋಡ್, ಯಾರಿಗೆ ಫೋನ್ ಮಾಡಬೇಕು, ಇಷ್ಟು ಇರಲಿ.

ಸ್ಕ್ರಿಪ್ಟೇ ನಿಂತುಹೋದರೆ ಗೊತ್ತಾಗುವುದು ಹೇಗೆ? ಮೌನ ಅಂದರೆ ಎಲ್ಲ ಸರಿಯಿದೆ ಎಂದು ತಿಳಿದುಕೊಳ್ಳುವ ಹಾಗಿಲ್ಲ. ದಿನಕ್ಕೊಮ್ಮೆ, ಬೆಳಿಗ್ಗೆ ಕಾಫಿಯ ಹೊತ್ತಿಗೆ "ಇದ್ದೇನೆ, ನಿನ್ನೆ ಇಷ್ಟು ಸಲ ನೋಡಿದೆ" ಎಂದು ಒಂದು ಸಾಲು ಕಳಿಸಲಿ. ಅದು ಬಾರದ ದಿನ ಸ್ಕ್ರಿಪ್ಟನ್ನು ಹೋಗಿ ನೋಡಿ.

ಹೋಸ್ಟಿಂಗ್ ಮಾರುವವರು ಸೈಟ್ 99.9 ಶೇಕಡ ಹೊತ್ತು ಎದ್ದಿರುತ್ತದೆ ಎಂದು ದೊಡ್ಡದಾಗಿ ಬರೆದಿರುತ್ತಾರೆ. 30 ದಿನದ ತಿಂಗಳಿನಲ್ಲಿ ಅದು ಸುಮಾರು 43 ನಿಮಿಷ ಬೀಳಲು ಬಿಟ್ಟಂತೆ. 99 ಶೇಕಡ ಅಂದರೆ ಏಳು ಗಂಟೆಯ ಮೇಲೆ. ಐದು ನಿಮಿಷಕ್ಕೊಮ್ಮೆ ನೋಡುವ ಸ್ಕ್ರಿಪ್ಟಿಗೆ ನಡುವೆ ನಾಲ್ಕು ನಿಮಿಷ ಬಿದ್ದೆದ್ದದ್ದು ಗೊತ್ತೇ ಆಗದಿರಬಹುದು. ಹಾಗಾಗಿ ನಿಮ್ಮ ದಾಖಲೆ ಹಿಡಿದು ಅವರ ಜೊತೆ ನಿಮಿಷದ ಲೆಕ್ಕದಲ್ಲಿ ಜಗಳಕ್ಕೆ ಹೋಗಬೇಡಿ. ಗಂಟೆಗಳ ಲೆಕ್ಕದಲ್ಲಾದರೆ ಹೋಗಿ.

ಬೇರೆಯವರ ಸೈಟನ್ನು ನೋಡುವುದಾದರೆ ಸ್ವಲ್ಪ ನಿಧಾನ. ಮಳೆ ಜೋರಾದಾಗ ಹಾರಂಗಿಯ ನೀರಿನ ಮಟ್ಟ, ಹವಾಮಾನ ಮುನ್ಸೂಚನೆ ಎಲ್ಲರಿಗೂ ಬೇಕು. ಆ ಪುಟಗಳನ್ನು ಸೆಕೆಂಡಿಗೊಮ್ಮೆ ತಟ್ಟುವ ಸ್ಕ್ರಿಪ್ಟುಗಳು ಹತ್ತಾರು ಸೇರಿದರೆ ನಿಜವಾಗಿ ಬೇಕಾದವರಿಗೆ ಸಿಗುವುದಿಲ್ಲ. 429 ಎಂಬ ಉತ್ತರ ಬಂದರೆ "ಜಾಸ್ತಿ ಕೇಳ್ತಿದ್ದೀಯ, ಸುಮ್ನಿರು" ಎಂದರ್ಥ. ಸುಮ್ಮನಿರಬೇಕು.

ಕೊನೆಗೆ ಎರಡು ದಿನಾಂಕಗಳು. ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುವ ಸರ್ಟಿಫಿಕೇಟುಗಳು ಸಾಮಾನ್ಯವಾಗಿ 90 ದಿನದವು. ಎಲ್ಲ ಕಂಪನಿಗಳ ಸರ್ಟಿಫಿಕೇಟುಗಳ ಗರಿಷ್ಠ ಅವಧಿಯನ್ನೂ ಹಂತಹಂತವಾಗಿ ಇಳಿಸಿ 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ತರಲು 2025ರಲ್ಲಿ ಒಪ್ಪಿಗೆಯಾಗಿದೆ. ತಾನಾಗಿ ನವೀಕರಣವಾಗುವ ಏರ್ಪಾಡು ಒಂದು ದಿನ ಕೈಕೊಟ್ಟರೆ ಬ್ರೌಸರಿನಲ್ಲಿ ಕೆಂಪು ಎಚ್ಚರಿಕೆ ಬರುತ್ತದೆ, ಗಿರಾಕಿ ಹೆದರಿ ಓಡುತ್ತಾರೆ. ದಿನಕ್ಕೊಮ್ಮೆ ಸರ್ಟಿಫಿಕೇಟಿನ ಕೊನೆಯ ದಿನಾಂಕ ನೋಡಿ, 14 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಹೇಳು ಎಂದು ಇನ್ನೊಂದು ಸಾಲು ಸೇರಿಸಿ. ಡೊಮೈನಿಗೂ ಹಾಗೆಯೇ, 30 ದಿನ ಮೊದಲು. ಡೊಮೈನ್ ಕಂಪನಿಯೂ ನೆನಪಿಸುವ ಇಮೇಲ್ ಕಳಿಸುತ್ತದೆ ನಿಜ. ಅದು ಯಾರಿಗೆ ಹೋಗುತ್ತಿದೆ ಎಂದು ಇವತ್ತೇ ನೋಡಿಕೊಳ್ಳಿ. ಎಷ್ಟೋ ಹೋಂಸ್ಟೇಗಳಲ್ಲಿ ಅದು ಆವತ್ತು ಸೈಟ್ ಮಾಡಿಕೊಟ್ಟು, ಈಗ ಬೆಂಗಳೂರಿನಲ್ಲೋ ದುಬೈಯಲ್ಲೋ ಕೆಲಸದಲ್ಲಿರುವ ಅಣ್ಣನ ಮಗನ ಕಾಲೇಜು ದಿನಗಳ ಇಮೇಲ್ ಆಗಿರುತ್ತದೆ.